ವಿಸಿಗೋಥರ ಅಕ್ಕಸಾಲಿಗಳು, ಕಲ್ಲುಕುಟಿಗರು, ತೂಗುವ ಕಿರೀಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಡ್ರಿಡ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ ವಿಸಿಗೋಥ್ ರಾಜನೊಬ್ಬನ ಚಿನ್ನದ ಕಿರೀಟದ ಮುಂದೆ ನಿಂತು ಬಂದ ಮೇಲೆ ಸಿಕ್ಕಸಿಕ್ಕವರ ಹತ್ತಿರ ಅದರ ಮಾತೇ ಆಡುತ್ತಿದ್ದೇನೆ. ಮಾತಿನ ನಡುವೆ, ಪತ್ರಗಳಲ್ಲಿ, ಕಮೆಂಟುಗಳಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಕೊನೆಗೆ.

## ಬುಡದಿಂದ ಶುರು ಮಾಡೋಣ

ಈ ವಿಸಿಗೋಥರು ಅಂದ್ರೆ ಯಾರು? ಎಲ್ಲಿಯವರು?

ಡ್ಯಾನ್ಯೂಬ್ ನದಿಯ ಆಚೆಯಿಂದ ರೋಮ್ ಸಾಮ್ರಾಜ್ಯದೊಳಗೆ ಬಂದ ಗೋಥ್ ಜನರ ಒಂದು ಗುಂಪು. 410ರಲ್ಲಿ ಅಲಾರಿಕ್‌ನ ಮುಂದಾಳತ್ವದಲ್ಲಿ ರೋಮ್ ನಗರವನ್ನೇ ಲೂಟಿ ಮಾಡಿದರು. 418ರಲ್ಲಿ ಇವತ್ತಿನ ಫ್ರಾನ್ಸ್‌ನ ನೈಋತ್ಯದಲ್ಲಿ ನೆಲೆ ನಿಂತರು, ತುಲೂಸ್ ಅವರ ರಾಜಧಾನಿ ಆಯಿತು. 507ರಲ್ಲಿ ಫ್ರಾಂಕರ ದೊರೆ ಕ್ಲೋವಿಸ್ ಕೈಲಿ ಸೋತ ಮೇಲೆ ಸ್ಪೇನ್ ಕಡೆಗೆ ಸರಿದರು. ಅಲ್ಲಿ ತೊಲೆದೊ ಅವರ ರಾಜಧಾನಿ. 711ರಲ್ಲಿ ಉತ್ತರ ಆಫ್ರಿಕದಿಂದ ಮುಸ್ಲಿಂ ಸೇನೆ ಬರುವವರೆಗೂ ಅವರದೇ ಆಳ್ವಿಕೆ. ಇಲ್ಲಿ ನಾನು ಮಾತಾಡುವುದು ಹೆಚ್ಚಾಗಿ ಸ್ಪೇನ್‌ನ ಆ 200 ವರ್ಷಗಳ ಬಗ್ಗೆ.

ಊರು ಸುಟ್ಟು ಲೂಟಿ ಮಾಡಿದವರಿಗೆ ಇಷ್ಟು ನಾಜೂಕಿನ ಕಲೆ ಎಲ್ಲಿಂದ ಬಂತು?

ಜನ ಜಾಸ್ತಿ ಕೇಳುವ ಪ್ರಶ್ನೆ ಇದು. ತೊಲೆದೊಗೆ ಬರುವ ಹೊತ್ತಿಗೆ ಈ ಜನ ರೋಮ್ ಸಾಮ್ರಾಜ್ಯದೊಳಗೆ ಐದಾರು ತಲೆಮಾರು ಕಳೆದಿದ್ದರು. ಅವರ ರಾಜರು ಲ್ಯಾಟಿನ್‌ನಲ್ಲಿ ಕಾನೂನು ಬರೆಸುತ್ತಿದ್ದರು. ಸ್ಪೇನ್‌ನಲ್ಲಿ ಅವರಿಗಿಂತ ಎಷ್ಟೋ ಪಾಲು ಹೆಚ್ಚು ಸಂಖ್ಯೆಯಲ್ಲಿ ಸ್ಥಳೀಯ ರೋಮನ್ ಜನರಿದ್ದರು, ಅವರಲ್ಲಿ ಕಮ್ಮಾರರು, ಅಕ್ಕಸಾಲಿಗಳು, ಕಲ್ಲುಕುಟಿಗರು ಎಲ್ಲರೂ ಇದ್ದರು. ಕಪ್ಪು ಸಮುದ್ರದ ಕಡೆಯಿಂದ ಗೋಥರು ತಂದದ್ದು ಚಿನ್ನದ ಮೇಲೆ ಕೆಂಪು ಹರಳು ತುಂಬುವ ಚಪಲ. ಬಣ್ಣ ಬಣ್ಣದ ಆ ಕೆಲಸಕ್ಕೆ ಅಲ್ಲಿನ ರೋಮನ್ ಕುಶಲತೆ ಸೇರಿತು, ಆಮೇಲೆ ಬೈಜಾಂಟಿಯಂನ, ಅಂದರೆ ಪೂರ್ವ ರೋಮ್ ಸಾಮ್ರಾಜ್ಯದ, ಫ್ಯಾಷನ್ ಬಂತು. ಮೂರೂ ಒಂದೇ ಕುಲುಮೆಯಲ್ಲಿ ಕರಗಿದವು. ಹಾಗಾಗಿ ‘ವಿಸಿಗೋಥ್ ಕಲೆ’ ಎಂದಾಗ ಆ ರಾಜ್ಯದ ಕಾಲದ ಕಲೆ ಎಂದು ಓದಿಕೊಳ್ಳಿ. ಮಾಡಿದ ಕೈ ಗೋಥ್ ಆಗಿರಲೇಬೇಕು ಅಂತೇನೂ ಇಲ್ಲ.

ಒಂದೇ ಒಂದು ವಸ್ತು ನೋಡಿ ಇದೆಲ್ಲ ಅರ್ಥ ಆಗಬೇಕು ಅಂದ್ರೆ ಯಾವುದನ್ನು ನೋಡಲಿ?

ಹದ್ದಿನ ಬ್ರೋಚ್, ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಹದ್ದಿನ ಆಕಾರದ ಒಡವೆ. ಅಮೆರಿಕದ ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂನಲ್ಲಿ 6ನೇ ಶತಮಾನದ ಒಂದು ಜೋಡಿ ಇದೆ, ಸ್ಪೇನ್‌ನ ಬದಾಹೋಸ್ ಹತ್ತಿರ ಸಿಕ್ಕಿದ್ದು. ಸುಮಾರು 14 ಸೆಂಟಿಮೀಟರ್ ಎತ್ತರ, ಅಂದರೆ ಅಂಗೈಗಿಂತ ಕೊಂಚ ಉದ್ದ. ಹಕ್ಕಿ ತಲೆಯನ್ನು ಪಕ್ಕಕ್ಕೆ ತಿರುಗಿಸಿದೆ, ಕೊಕ್ಕು ಬಾಗಿದೆ. ಎದೆಯ ಜಾಗದಲ್ಲಿ ಗುರಾಣಿಯಂಥ ಒಂದು ದುಂಡು, ಅದರ ನಡುವೆ ಉಬ್ಬಿದ ಹರಳು. ರೆಕ್ಕೆ, ಬಾಲ ಎಲ್ಲ ಪುಟ್ಟ ಪುಟ್ಟ ಗೂಡುಗಳು, ಒಂದೊಂದರಲ್ಲೂ ಕೆಂಪು ಗಾರ್ನೆಟ್ ಅಥವಾ ಬಣ್ಣದ ಗಾಜು. ಬಾಲದ ಕೆಳಗೆ ಬಳೆಯಂಥ ಚಿಕ್ಕ ಕೊಂಡಿಗಳಿವೆ. ಅಲ್ಲಿ ಇನ್ನೇನೋ ತೂಗುತ್ತಿತ್ತು, ನಡೆದಾಗ ಅಲ್ಲಾಡುತ್ತಿತ್ತು.

ಹೊರಗೆ ಕಾಣುವುದು ಚಿನ್ನ. ಒಳಗಿರುವುದು ಕಂಚು, ಅದರ ಮೇಲೆ ತೆಳು ಚಿನ್ನದ ರೇಕು ಹೊದಿಸಿದ್ದಾರೆ. ಇಂಥದ್ದೇ ಇನ್ನೊಂದು ಪ್ರಸಿದ್ಧ ಜೋಡಿ ಗ್ವಾದಲಹಾರ ಪ್ರಾಂತ್ಯದ ಅಲೊವೆರಾದಲ್ಲಿ ಸಿಕ್ಕಿದ್ದು, ಅದು ಮ್ಯಾಡ್ರಿಡ್‌ನಲ್ಲಿದೆ.

ಇದನ್ನು ಹಾಕಿಕೊಳ್ತಿದ್ದವರು ಯಾರು? ಸೈನಿಕರಾ?

ಹದ್ದು ಅಂದ ಕೂಡಲೇ ಸೈನಿಕ ನೆನಪಾಗುತ್ತಾನೆ, ಅಲ್ವಾ? ಆದರೆ ಇಂಥ ದೊಡ್ಡ ಜೋಡಿ ಬ್ರೋಚುಗಳು, ಸೊಂಟದ ದೊಡ್ಡ ಬಕಲ್‌ಗಳು ಹೆಚ್ಚಾಗಿ ಸಿಕ್ಕಿರುವುದು ಹೆಂಗಸರ ಗೋರಿಗಳಲ್ಲಿ. ಎರಡು ಹೆಗಲ ಹತ್ತಿರ ಒಂದೊಂದು ಬ್ರೋಚ್, ಮೇಲು ಬಟ್ಟೆ ಜಾರದ ಹಾಗೆ. ನಾವು ಸೆರಗಿಗೆ ಪಿನ್ ಹಾಕುವ ಕೆಲಸವೇ. ಸೊಂಟದಲ್ಲಿ ಅಂಗೈ ಅಗಲದ ಆಯತಾಕಾರದ ಬಕಲ್, ಅದರಲ್ಲೂ ಹರಳಿನ ಗೂಡುಗಳು. ಎಲ್ ಕಾರ್ಪಿಯೊ ದೆ ತಾಹೊ, ಕಾಸ್ತಿಲ್‌ತಿಯೆರ್ರಾ, ದುರಾತೊನ್ ಸ್ಮಶಾನಗಳಲ್ಲಿ ಈ ಉಡುಗೆ ಚೆನ್ನಾಗಿ ಕಾಣುತ್ತದೆ.

ಸೆವಿಲ್‌ನ ಬಿಷಪ್ ಇಸಿದೋರ್ (636ರಲ್ಲಿ ತೀರಿಕೊಂಡರು) ತಮ್ಮ ದೊಡ್ಡ ಪದಕೋಶದಲ್ಲಿ ಬ್ರೋಚ್‌ಗೆ ಅರ್ಥ ಹೇಳುವಾಗಲೂ ಮೊದಲು ಹೆಂಗಸರ ಎದೆಯ ಅಲಂಕಾರ ಅಂತಾರೆ, ಆಮೇಲೆ ಗಂಡಸರ ಹೆಗಲ ಮೇಲಿನ ಹೊದಿಕೆ ಹಿಡಿಯುವುದು ಅಂತಾರೆ.

## ಕುಲುಮೆಯ ಹತ್ತಿರ

ಕೆಂಪು ಹರಳಿನ ಕೆಲಸ ನಮ್ಮ ಕುಂದಣದ ತರಹನೇ ಕಾಣುತ್ತೆ. ಎರಡೂ ಒಂದೇನಾ?

ಅಕ್ಕತಂಗಿಯರ ಹಾಗೆ, ಒಂದೇ ಅಲ್ಲ. ಕುಂದಣದಲ್ಲಿ ಹರಳು ಇಟ್ಟು, ಮೆತ್ತಗಿನ ಅಪ್ಪಟ ಚಿನ್ನದ ರೇಕನ್ನು ಅದರ ಸುತ್ತ ಒತ್ತಿ ಒತ್ತಿ ಕೂರಿಸುತ್ತಾರೆ. ಹರಳು ಹೇಗಿದೆಯೋ ಚಿನ್ನ ಹಾಗೆ ಬಾಗುತ್ತದೆ. ಇಲ್ಲಿ ತಿರುವುಮುರುವು. ಮೊದಲು ಲೋಹದ ತೆಳು ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ತಳದ ತಗಡಿಗೆ ಬೆಸೆದು ಗೂಡುಗಳನ್ನು ಕಟ್ಟುತ್ತಾರೆ. ಆಮೇಲೆ ಗೂಡಿನ ಆಕಾರಕ್ಕೆ ಸರಿಯಾಗಿ ಹರಳನ್ನು ಕತ್ತರಿಸಬೇಕು. ಹರಳು ಗೋಡೆಗೆ ಹೊಂದಬೇಕು, ಗೋಡೆ ಹರಳಿಗಲ್ಲ.

ಆ ಕೆಲಸದ ಕಷ್ಟ ಸ್ವಲ್ಪ ಊಹಿಸಿ. ಗಾರ್ನೆಟ್ ಗಟ್ಟಿ ಕಲ್ಲು. ಅದನ್ನು ಸುಮಾರು ಒಂದು ಮಿಲಿಮೀಟರ್ ದಪ್ಪದ ಚೂರಾಗಿ ಸೀಳಿ, ಎರಡೂ ಮುಖ ನುಣುಪು ಮಾಡಿ, ಅಂಚನ್ನು ಒಂದು ಕಡೆ ಬಾಗಿಸಿ ಇನ್ನೊಂದು ಕಡೆ ಮೊನೆ ಮಾಡಿ ಉಜ್ಜಬೇಕು. ಉಜ್ಜಲು ಎಮರಿ ಪುಡಿ. ಇಸಿದೋರ್ ಅದನ್ನೂ ಬರೆದಿದ್ದಾರೆ: ಎಲ್ಲವನ್ನೂ ಸವೆಸುವ ಒರಟು ಕಲ್ಲು, ರತ್ನಗಳನ್ನು ತೇಯುವುದು ಇದರಿಂದಲೇ ಅಂತ. ಒಂದು ಬಕಲ್‌ಗೆ ಇಂಥ ಹತ್ತಾರು ಚೂರು ಬೇಕು, ಒಂದೊಂದೂ ಬೇರೆ ಬೇರೆ ಆಕಾರ.

ಗೂಡಿನೊಳಗೆ ಮೊದಲು ಅರಗಿನಂಥ ಒಂದು ಮುದ್ದೆ ತುಂಬುತ್ತಾರೆ, ಹರಳು ಒಳಗೆ ಕುಸಿಯಬಾರದು ಅಂತ. ಅದರ ಮೇಲೆ ತೆಳ್ಳನೆಯ ಲೋಹದ ಹಾಳೆ, ಆ ಹಾಳೆಯ ಮೇಲೆ ಅಚ್ಚು ಒತ್ತಿ ಎಬ್ಬಿಸಿದ ಚಿಕ್ಕ ಚಿಕ್ಕ ಚೌಕಗಳು. ಅದರ ಮೇಲೆ ಹರಳು. ಬೆಳಕು ಹರಳನ್ನು ದಾಟಿ ಚೌಕಗಳಿಗೆ ತಾಗಿ ಒಡೆದು ವಾಪಸ್ ಬರುತ್ತದೆ. ಇಲ್ಲದಿದ್ದರೆ ಗಾರ್ನೆಟ್ ಕಪ್ಪಗೆ, ಒಣಗಿದ ರಕ್ತದ ಹಾಗೆ ಕಾಣುತ್ತದೆ. ಹಾಳೆ ಇದ್ದರೆ ಕೆಂಡದ ಹಾಗೆ ಹೊಳೆಯುತ್ತದೆ. ಹರಳಿನ ಹಿಂದೆ ಹಾಳೆ ಇಟ್ಟು ಹೊಳಪು ಹೆಚ್ಚಿಸುವ ಈ ಜಾಣತನ ಕುಂದಣದವರಿಗೂ ಗೊತ್ತು, ನಿಮ್ಮ ಕಣ್ಣಿಗೆ ಎರಡೂ ಒಂದೇ ಅನ್ನಿಸಿದ್ದು ಅದಕ್ಕೇ.

ಆ ಹರಳುಗಳು ಭಾರತದಿಂದ ಹೋದವು ಅಂತಾರೆ. ಸುಮ್ನೆ ಹೆಮ್ಮೆಗೆ ಹೇಳೋದಾ, ನಿಜಾನಾ?

ನಿಜ. ಆ ಕಾಲದ ಯುರೋಪಿನ ಒಡವೆಗಳ ಗಾರ್ನೆಟ್‌ಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ್ದಾರೆ. 5 ಮತ್ತು 6ನೇ ಶತಮಾನದ ಎಷ್ಟೋ ಕಲ್ಲುಗಳ ರಾಸಾಯನಿಕ ಗುಣ ಭಾರತದ, ಅದರಲ್ಲೂ ರಾಜಸ್ಥಾನದ ಗಣಿಗಳಿಗೂ ಶ್ರೀಲಂಕಾಕ್ಕೂ ಹೊಂದುತ್ತದೆ. ಆಮೇಲಿನ ಕಾಲದಲ್ಲಿ ಮಧ್ಯ ಯುರೋಪಿನ ಬೊಹೀಮಿಯಾದ ಕಲ್ಲು ಬಳಕೆಗೆ ಬಂತು. ತೊಲೆದೊ ಹತ್ತಿರದ ಗ್ವಾರಸಾರ್‌ನಲ್ಲಿ ಸಿಕ್ಕ ಚಿನ್ನದ ಕಿರೀಟಗಳ ದೊಡ್ಡ ನೀಲಗಳು ಶ್ರೀಲಂಕಾದವು ಅಂತ ಪರೀಕ್ಷೆ ಹೇಳಿದೆ. ಹಡಗಿನಲ್ಲಿ ಕೆಂಪು ಸಮುದ್ರಕ್ಕೆ, ಅಲ್ಲಿಂದ ಮೆಡಿಟರೇನಿಯನ್‌ಗೆ, ಅಲ್ಲಿಂದ ತೊಲೆದೊಗೆ. ನಮ್ಮ ಕಡೆಯ ನೆಲದಲ್ಲಿ ಯಾರೋ ಅಗೆದು ತೆಗೆದ ಕಲ್ಲು ಒಬ್ಬ ಸ್ಪೇನ್ ಹೆಂಗಸಿನ ಸೊಂಟದಲ್ಲಿ ಮಣ್ಣಾಗಿದೆ ಅನ್ನುವುದು ನನಗೆ ಇವತ್ತಿಗೂ ರೋಮಾಂಚನ ತರುತ್ತದೆ.

ಇವೆಲ್ಲ ಮಾಡಿದ ಜಾಗ ಎಲ್ಲಾದರೂ ಸಿಕ್ಕಿದೆಯಾ, ಬರೀ ಒಡವೆ ಮಾತ್ರನಾ?

ಸಿಕ್ಕಿದೆ. ಹೆಸರು ರೆಕೋಪೊಲಿಸ್. 578ರಲ್ಲಿ ರಾಜ ಲಿಯೋವಿಗಿಲ್ಡ್ ಮಗ ರೆಕಾರೆಡ್‌ನ ಹೆಸರಿನಲ್ಲಿ ಹೊಸದಾಗಿ ಕಟ್ಟಿಸಿದ ಊರು, ತಾಹೊ ನದಿಯ ದಂಡೆಯ ಗುಡ್ಡದ ಮೇಲೆ. ರೋಮ್‌ನ ಪಶ್ಚಿಮ ಭಾಗ ಬಿದ್ದ ಮೇಲೆ ಆ ಕಡೆ ರಾಜನೊಬ್ಬ ಹೊಸ ಊರು ಕಟ್ಟಿಸಿದ್ದು ತೀರ ಅಪರೂಪ. ಮೇಲ್ಗಡೆ ಅರಮನೆ ಮತ್ತು ಚರ್ಚು. ಅಲ್ಲಿಂದ ಹೊರಡುವ ಮುಖ್ಯ ಬೀದಿಯ ಪಕ್ಕದಲ್ಲಿ ಅಂಗಡಿ, ವರ್ಕ್‌ಶಾಪ್‌ಗಳು. ಗಾಜು ಕರಗಿಸುವ ಕುಲುಮೆಗಳು ಸಿಕ್ಕಿವೆ, ಅಕ್ಕಸಾಲಿಯ ಕೋಣೆ ಸಿಕ್ಕಿದೆ, ಒಡವೆ ಎರಕ ಹೊಯ್ಯುವ ಅಚ್ಚು ಸಿಕ್ಕಿದೆ. ಊರಿಗೆ ತನ್ನದೇ ಟಂಕಸಾಲೆಯೂ ಇತ್ತು, ರೆಕೋಪೊಲಿಸ್ ಅನ್ನುವ ಹೆಸರೊತ್ತಿದ ಚಿನ್ನದ ನಾಣ್ಯಗಳಿವೆ.

ಕೆಲಸದ ಕೋಣೆ ಇರುವುದು ಅರಮನೆಯ ಕಣ್ಣಳತೆಯಲ್ಲಿ. ಬೆಲೆಬಾಳುವ ಲೋಹ, ಗಾಜು, ನಾಣ್ಯ ಮೂರರ ಮೇಲೂ ರಾಜನಿಗೆ ಕಣ್ಣಿಡಲು ಅನುಕೂಲ.

ಗಾಜು, ಮಡಕೆ, ಬಟ್ಟೆ?

ಚುಟುಕಾಗಿ ಹೇಳುತ್ತೇನೆ. ಆ ಕಾಲದಲ್ಲಿ ಗಾಜನ್ನು ಮರಳಿನಿಂದ ಮೊದಲ ಸಲ ಕರಗಿಸುವ ದೊಡ್ಡ ಕುಲುಮೆಗಳಿದ್ದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. ಅಲ್ಲಿಂದ ಹೆಂಟೆಗಳಾಗಿ ಬಂದ ಗಾಜನ್ನು, ಜೊತೆಗೆ ಒಡೆದ ಹಳೆ ಗಾಜನ್ನು ಮತ್ತೆ ಕರಗಿಸಿ ಊದಿ ಬಟ್ಟಲು, ಲೋಟ ಮಾಡುತ್ತಿದ್ದರು. ಮಡಕೆ ಹೆಚ್ಚಿನವು ಆಯಾ ಊರಿನವು, ಸರಳವಾದವು. ಬಟ್ಟೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಬ್ರೋಚಿನ ಹಿಂದಿನ ಕಬ್ಬಿಣದ ಸೂಜಿಯ ತುಕ್ಕಿಗೆ ಅಂಟಿಕೊಂಡು ನಾಲ್ಕೆಳೆ ಉಳಿದರೆ ಅದೇ ಪುಣ್ಯ. ಮ್ಯೂಸಿಯಂನವರು ಬ್ರೋಚಿನ ಬೆನ್ನು ತೋರಿಸಿದರೆ ದಯವಿಟ್ಟು ಅದನ್ನೂ ನೋಡಿ.

ಕೆಲಸಗಾರರು ಗುಲಾಮರಾಗಿದ್ದರಾ?

ಕೆಲವರು ಹೌದು. ಗುಲಾಮ ಅನ್ನುವ ಪದ ಅಲ್ಲಿ ಎಷ್ಟು ವಿಚಿತ್ರವಾಗಿ ಕೆಲಸ ಮಾಡುತ್ತಿತ್ತು ಅಂತ ಒಂದು ಕಾನೂನು ತೋರಿಸುತ್ತದೆ. 654ರಲ್ಲಿ ರಾಜ ರೆಕೆಸ್ವಿಂತ್ ಹೊರಡಿಸಿದ ಕಾನೂನು ಸಂಹಿತೆ ಇದೆ. ಗುಲಾಮರ ಸಾಕ್ಷಿಯನ್ನು ನ್ಯಾಯಾಲಯ ನಂಬಬಾರದು ಎನ್ನುವ ನಿಯಮಕ್ಕೆ ಅದು ಒಂದು ವಿನಾಯಿತಿ ಕೊಡುತ್ತದೆ. ಅರಮನೆಯ ಸೇವೆಯಲ್ಲಿರುವ ಕೆಲವು ರಾಜಗುಲಾಮರನ್ನು ನಂಬಬಹುದು, ಅಂದರೆ ಕುದುರೆ ಲಾಯದ ಮುಖ್ಯಸ್ಥ, ಅಡುಗೆಯವರ ಮುಖ್ಯಸ್ಥ ಇಂಥವರನ್ನು. ಆ ಪಟ್ಟಿಯಲ್ಲಿ ಬೆಳ್ಳಿ ಕೆಲಸದವರ ಮುಖ್ಯಸ್ಥನೂ ಇದ್ದಾನೆ.

ಈ ಒಂದೇ ಸಾಲಿನಿಂದ ಎಷ್ಟು ತಿಳಿಯುತ್ತದೆ ನೋಡಿ. ಅರಮನೆಯಲ್ಲಿ ಬೆಳ್ಳಿ ಕೆಲಸದ ಒಂದು ತಂಡವೇ ಇತ್ತು, ಅದಕ್ಕೊಬ್ಬ ಮೇಸ್ತ್ರಿ ಇದ್ದ. ಅವನು ಕಾನೂನಿನ ಕಣ್ಣಲ್ಲಿ ಗುಲಾಮ, ಆದರೂ ಅವನ ಮಾತಿಗೆ ತೂಕ ಇತ್ತು. ಅರಮನೆಯ ಹೊರಗೆ, ಊರುಗಳಲ್ಲಿ, ಗಿರಾಕಿ ಕರೆದರೆ ಕೆಲಸ ಮಾಡುವ ಸ್ವತಂತ್ರ ಅಕ್ಕಸಾಲಿಗಳೂ ಇದ್ದರು. ಕಿರೀಟದ ಮೇಲೆ ರಾಜನ ಹೆಸರಿದೆ, ಮಾಡಿದವನದು ಇಲ್ಲ. ಈ ಮೇಸ್ತ್ರಿಯ ಸಾಲು ಓದಿದಾಗ ಕೊನೆಗೂ ಒಬ್ಬ ಮನುಷ್ಯನ ನೆರಳಾದರೂ ಸಿಕ್ಕಿತು ಅನ್ನಿಸಿತು ನನಗೆ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡಲ್ಲ ಅಂತಾರಲ್ಲ, ಅಲ್ಲೂ ಹಾಗೇನಾ?

ಅಲ್ಲೂ ಜನ ಅನುಮಾನ ಪಡುತ್ತಿದ್ದರು, ಅದಕ್ಕೇ ಕಾನೂನು ಬಂತು. ಅದೇ ಸಂಹಿತೆಯ 7ನೇ ಪುಸ್ತಕದಲ್ಲಿದೆ. ಒಡವೆ ಮಾಡಿಕೊಡಲು ಅಂತ ಚಿನ್ನ ಪಡೆದು ಅದಕ್ಕೆ ತಾಮ್ರ, ಬೆಳ್ಳಿ ಬೆರೆಸಿದವನನ್ನು ಕಳ್ಳನೆಂದೇ ಲೆಕ್ಕ ಹಾಕಬೇಕು. ಕೊಟ್ಟ ಲೋಹದಲ್ಲಿ ಒಂದಿಷ್ಟು ತೆಗೆದಿಟ್ಟುಕೊಂಡ ಕಮ್ಮಾರನೂ ಕಳ್ಳನೇ. ನಾಣ್ಯದ ಅಂಚು ಕೆರೆದರೆ ಇನ್ನೂ ಘೋರ: ಗುಲಾಮನಾದರೆ ಬಲಗೈ ಕತ್ತರಿಸುತ್ತಿದ್ದರು, ಸ್ವತಂತ್ರನಾದರೆ ಅರ್ಧ ಆಸ್ತಿ ಹೋಗುತ್ತಿತ್ತು.

ಶಿಕ್ಷೆಗಿಂತ ನನಗೆ ಮುಖ್ಯ ಅನ್ನಿಸುವುದು ವ್ಯವಹಾರದ ರೀತಿ. ಗಿರಾಕಿ ತನ್ನ ಮನೆಯ ಹಳೆ ಚಿನ್ನ ತಂದು ಕೊಡುತ್ತಾನೆ, ಅಕ್ಕಸಾಲಿ ಕೂಲಿಗೆ ಮಾಡಿಕೊಡುತ್ತಾನೆ. ನಮ್ಮ ಅಜ್ಜಿಯರು ಹಳೆ ಬಳೆ ಕರಗಿಸಿ ಸರ ಮಾಡಿಸಿದ ಹಾಗೆ. ವಿಸಿಗೋಥರ ಚಿನ್ನದ ಒಡವೆ ಕಡಿಮೆ ಉಳಿದಿರುವುದಕ್ಕೆ ಇದೂ ಒಂದು ಕಾರಣ, ಮುಂದಿನವರು ಕರಗಿಸಿ ಬೇರೆ ಮಾಡಿಸಿಕೊಂಡರು.

## ತೂಗುವ ಕಿರೀಟಗಳು

ಗ್ವಾರಸಾರ್ ಕಿರೀಟವನ್ನು ರಾಜ ತಲೆ ಮೇಲೆ ಇಟ್ಟುಕೊಳ್ತಿದ್ನಾ?

ಇಲ್ಲ. ಅದು ಹರಕೆಯ ಕಿರೀಟ. ಚರ್ಚಿಗೆ ಅರ್ಪಿಸಿ, ಸರಪಣಿಯಲ್ಲಿ ತೂಗುಹಾಕಲೆಂದೇ ಮಾಡಿಸಿದ್ದು. ನಮ್ಮಲ್ಲಿ ದೇವರಿಗೆ ಕಿರೀಟ ಮಾಡಿಸಿ ಒಪ್ಪಿಸುವುದಿಲ್ಲವಾ, ಆ ಭಾವನೆ.

ರೆಕೆಸ್ವಿಂತ್‌ನದು (ಅವನು ತೀರಿಕೊಂಡದ್ದು 672ರಲ್ಲಿ) ಎಲ್ಲಕ್ಕಿಂತ ಸೊಗಸು. ಎರಡು ಅರ್ಧ ಬಳೆಗಳನ್ನು ಕೀಲು ಹಾಕಿ ಜೋಡಿಸಿದ ಚಿನ್ನದ ಪಟ್ಟಿ. ಪಟ್ಟಿಯಲ್ಲಿ ಎರಡು ಪದರ, ಹೊರಪದರದಲ್ಲಿ ಕೊರೆದ ಜಾಲರಿ, ಅದರ ಮೇಲೆ ನೀಲ ಮತ್ತು ಮುತ್ತುಗಳ ಸಾಲು. ಅಂಚಿನ ಪಟ್ಟಿಗಳಲ್ಲಿ ಗಾರ್ನೆಟ್ ಗೂಡುಗಳು. ಎಲೆಯಾಕಾರದ ಕೊಂಡಿಗಳ ನಾಲ್ಕು ಸರಪಣಿಗಳು ಮೇಲೆ ಸ್ಫಟಿಕದ ಒಂದು ತುಂಡಿನಲ್ಲಿ ಸೇರುತ್ತವೆ. ಕೆಳಗೆ ಒಂದೊಂದು ಸರಪಣಿಗೆ ಒಂದೊಂದು ಅಕ್ಷರ ತೂಗುತ್ತದೆ: ‘ರೆಕೆಸ್ವಿಂತುಸ್ ರೆಕ್ಸ್ ಓಫೆರೆತ್’, ಅಂದರೆ ರೆಕೆಸ್ವಿಂತ್ ರಾಜನ ಅರ್ಪಣೆ. ಅಕ್ಷರದೊಳಗೂ ಕೆಂಪು ಹರಳು ತುಂಬಿದ್ದಾರೆ. ಒಂದೊಂದು ಅಕ್ಷರದ ಕೆಳಗೂ ಮತ್ತೆ ಹರಳಿನ ಕುಚ್ಚು. ದೀಪದ ಬೆಳಕಿನ ಚರ್ಚಿನಲ್ಲಿ, ಬಾಗಿಲು ತೆಗೆದಾಗ ಬೀಸುವ ಗಾಳಿಗೆ, ರಾಜನ ಹೆಸರು ಮೆಲ್ಲಗೆ ಅಲುಗಾಡುತ್ತಿತ್ತು.

ಇಂಥದ್ದನ್ನು ತಲೆಗೆ ಇಟ್ಟುಕೊಂಡವನೊಬ್ಬ ಇದ್ದ. 673ರಲ್ಲಿ ರಾಜ ವಾಂಬನ ವಿರುದ್ಧ ಬಂಡೆದ್ದ ಪೌಲ್ ಅನ್ನುವ ಸರದಾರ. ಹಿಂದೆ ರೆಕಾರೆಡ್ ರಾಜ ಹಿರೋನಾದಲ್ಲಿ ಸಂತ ಫೆಲಿಕ್ಸ್‌ಗೆ ಅರ್ಪಿಸಿದ್ದ ಚಿನ್ನದ ಕಿರೀಟವನ್ನು ತೆಗೆದು ಹಾಕಿಕೊಂಡ ಅಂತ ಆ ಕಾಲದ ಪಾದ್ರಿ, ತೊಲೆದೊದ ಜೂಲಿಯನ್ ಬರೆಯುತ್ತಾರೆ. ಸಿಕ್ಕಿಬಿದ್ದ ಮೇಲೆ ಅವನ ತಲೆ ಬೋಳಿಸಿ, ಚರ್ಮದ ಕಪ್ಪು ಕಿರೀಟ ಇಟ್ಟು ತೊಲೆದೊ ಬೀದಿಯಲ್ಲಿ ಮೆರವಣಿಗೆ ಮಾಡಿದರು.

ನೆಲದಲ್ಲಿ ಸಿಕ್ಕಿದ್ದು ಹೇಗೆ? ಈಗ ಎಲ್ಲ ಎಲ್ಲಿವೆ?

1858ರ ಆಗಸ್ಟ್‌ನಲ್ಲಿ ಜೋರು ಮಳೆ ಬಂದು ತೊಲೆದೊ ಹತ್ತಿರದ ಗ್ವಾದಮೂರ್ ಊರಿನ ಗ್ವಾರಸಾರ್ ಅನ್ನುವ ಜಾಗದಲ್ಲಿ ಮಣ್ಣು ಕೊಚ್ಚಿಹೋಯಿತು. ದಾರಿಯಲ್ಲಿ ಹೋಗುತ್ತಿದ್ದವರ ಕಣ್ಣಿಗೆ ಹೊಳಪು ಬಿತ್ತು. ಮುಂದಿನದು ಬೇಸರದ ಕಥೆ. ಒಂದಷ್ಟನ್ನು ಚೂರು ಮಾಡಿ ಮಾರಿದರು, ಒಂದಷ್ಟು ಕರಗಿ ಹೋಯಿತು, ಉಳಿದ ಕಿರೀಟಗಳಲ್ಲಿ ಹಲವು ಫ್ರಾನ್ಸ್‌ಗೆ ಮಾರಾಟವಾದವು. 1861ರಲ್ಲಿ ಮತ್ತಷ್ಟು ವಸ್ತುಗಳು ಸ್ಪೇನ್‌ನ ರಾಣಿ ಎರಡನೇ ಇಸಬೆಲ್‌ಗೆ ಸೇರಿದವು. ಅದರಲ್ಲಿ ರಾಜ ಸುಯಿಂತಿಲನ ಕಿರೀಟ ಇತ್ತು, 1921ರಲ್ಲಿ ಮ್ಯಾಡ್ರಿಡ್‌ನಲ್ಲಿ ಕಳುವಾಯಿತು, ಮತ್ತೆ ಸಿಗಲಿಲ್ಲ. 1941ರಲ್ಲಿ ಫ್ರಾನ್ಸ್ ಜೊತೆ ಕಲಾವಸ್ತುಗಳ ವಿನಿಮಯ ನಡೆದಾಗ ರೆಕೆಸ್ವಿಂತ್‌ನ ಕಿರೀಟ ಸೇರಿ ಆರು ಕಿರೀಟ ಸ್ಪೇನ್‌ಗೆ ಬಂದವು. ಮೂರು ಪ್ಯಾರಿಸ್‌ನ ಕ್ಲೂನಿ ಮ್ಯೂಸಿಯಂನಲ್ಲೇ ಇವೆ. ಅವುಗಳ ಜೊತೆ ಒಂದು ಅಕ್ಷರವೂ ಅಲ್ಲೇ ಉಳಿಯಿತು, ರೆಕೆಸ್ವಿಂತ್ ಹೆಸರಿನ ಮೊದಲ ಅಕ್ಷರ.

## ಕಲ್ಲಿನ ಕೆಲಸ

ಕಲ್ಲಿನಲ್ಲಿ ನೋಡುವಂಥದ್ದು ಏನಿದೆ?

ಬೇಕಾದಷ್ಟಿದೆ. ಪಲೆನ್ಸಿಯಾ ಹತ್ತಿರದ ಸಾನ್ ಹುವಾನ್ ದೆ ಬಾನ್ಯೊಸ್ ಚರ್ಚಿನಲ್ಲಿ ರೆಕೆಸ್ವಿಂತ್‌ನ ಶಾಸನ ಇದೆ, 661ರದು. ಆದರೆ ನನ್ನ ಮನಸ್ಸು ನಿಂತಿರುವುದು ಸಮೋರಾದ ಸಾನ್ ಪೆದ್ರೊ ದೆ ಲಾ ನಾವೆಯ ಒಂದು ಕಂಬದ ಬೋದಿಗೆಯ ಮೇಲೆ. ಬೈಬಲ್‌ನ ಡೇನಿಯಲ್‌ನನ್ನು ಸಿಂಹಗಳ ಗುಂಡಿಗೆ ಹಾಕಿದ ಕಥೆ ಅಲ್ಲಿದೆ. ಡೇನಿಯಲ್ ಎರಡೂ ಕೈ ಎತ್ತಿ ಪ್ರಾರ್ಥನೆ ಮಾಡುತ್ತಿದ್ದಾನೆ, ಅಕ್ಕಪಕ್ಕ ಎರಡು ಸಿಂಹ. ಅವನ ಕಾಲು ನೀರಿನಲ್ಲಿದೆ! ಲ್ಯಾಟಿನ್‌ನ ‘ಲಾಕುಸ್’ ಪದಕ್ಕೆ ಗುಂಡಿ ಅಂತಲೂ ಅರ್ಥ, ಕೆರೆ ಅಂತಲೂ ಅರ್ಥ. ಕೆತ್ತಿದವನು ಕೆರೆ ಎಂದುಕೊಂಡು ಅಲೆಗಳನ್ನು ಬಿಡಿಸಿದ್ದಾನೆ, ಸಿಂಹಗಳು ಬಗ್ಗಿ ನೀರು ಕುಡಿಯುತ್ತಿವೆ. 1930ರ ಸುಮಾರಿಗೆ ಅಣೆಕಟ್ಟಿನ ನೀರಿನಲ್ಲಿ ಈ ಚರ್ಚು ಮುಳುಗುವುದಿತ್ತು. ಕಲ್ಲು ಕಲ್ಲು ಬಿಚ್ಚಿ ಎತ್ತರದ ಜಾಗಕ್ಕೆ ಸಾಗಿಸಿ ಮತ್ತೆ ಕಟ್ಟಿದರು.

ಕುದುರೆ ಲಾಳದ ಕಮಾನು ಅರಬ್ಬರು ತಂದದ್ದಲ್ವಾ?

ಅವರು ಬರುವ ಮೊದಲೇ ಸ್ಪೇನ್‌ನಲ್ಲಿತ್ತು. ರೋಮನ್ ಕಾಲದ ಗೋರಿಕಲ್ಲುಗಳ ಮೇಲೂ ಆ ಆಕಾರ ಇದೆ, ಸಾನ್ ಹುವಾನ್ ದೆ ಬಾನ್ಯೊಸ್‌ನಲ್ಲೂ ಇದೆ. ಕೊರ್ದೊಬಾದ ಮಸೀದಿ ಕಟ್ಟಿದವರು ಅದನ್ನು ಇನ್ನೂ ಬಾಗಿಸಿ, ಕೆಂಪು ಇಟ್ಟಿಗೆ ಬಿಳಿ ಕಲ್ಲು ಬೆರೆಸಿ ತಮ್ಮದಾಗಿ ಮಾಡಿಕೊಂಡರು.

## ಇನ್ನೂ ಆಳಕ್ಕೆ

ಗೋರಿಯಲ್ಲಿ ಹದ್ದಿನ ಬ್ರೋಚ್ ಸಿಕ್ಕರೆ ಅವಳು ಗೋಥ್ ಹೆಂಗಸು ಅಂತ ಖಂಡಿತವಾಗಿ ಹೇಳಬಹುದಾ?

ಹಿಂದಿನ ವಿದ್ವಾಂಸರು ಹಾಗೇ ಹೇಳುತ್ತಿದ್ದರು. ಈಗ ಅನೇಕರು ಒಪ್ಪುವುದಿಲ್ಲ, ನಾನೂ ಅವರ ಕಡೆ. ಬಟ್ಟೆ ಒಡವೆ ರಕ್ತದ ಗುರುತಲ್ಲ. ಅಧಿಕಾರ ಇರುವವರ ಹಾಗೆ ಉಡಬೇಕು ಅನ್ನುವ ಆಸೆ ಯಾರಿಗೂ ಬರಬಹುದು, ಸ್ಥಳೀಯ ಶ್ರೀಮಂತರ ಮನೆಯ ಹೆಣ್ಣುಮಗಳಿಗೂ ಬರಬಹುದು. ಗೋಥರು ಮತ್ತು ರೋಮನ್ನರು ಮದುವೆ ಆಗಬಾರದು ಎನ್ನುವ ಹಳೇ ಕಾನೂನನ್ನು ಲಿಯೋವಿಗಿಲ್ಡ್ ತೆಗೆದುಹಾಕಿದ. ಬ್ರೋಚ್ ನೋಡಿ ಹೇಳಬಹುದಾದದ್ದು ಇಷ್ಟು: ಈ ಮನೆಯವರಿಗೆ ಒಳ್ಳೆ ಕಸುಬುದಾರನಿಗೆ ಕೂಲಿ ಕೊಡುವ ಶಕ್ತಿ ಇತ್ತು, ಸತ್ತವಳನ್ನು ಅದರ ಜೊತೆ ಮಣ್ಣು ಮಾಡುವ ಮನಸ್ಸೂ ಇತ್ತು.

6ನೇ ಶತಮಾನದ ಕೊನೆಗೆ ಈ ಹದ್ದು, ದೊಡ್ಡ ಬಕಲ್ ಎಲ್ಲ ಯಾಕೆ ಮಾಯ ಆಗುತ್ತವೆ?

ಒಂದೇ ಕಾರಣ ಅಲ್ಲ. 589ರ ತೊಲೆದೊ ಸಭೆಯಲ್ಲಿ ರೆಕಾರೆಡ್ ಮತ್ತು ಗೋಥ್ ಪ್ರಮುಖರು ಏರಿಯನ್ ಪಂಥ (ಏಸು ದೇವರಿಗೆ ಸರಿಸಮ ಅಲ್ಲ ಅನ್ನುವ ಕ್ರೈಸ್ತ ಪಂಥ) ಬಿಟ್ಟು ಕ್ಯಾಥೊಲಿಕ್ ಆದರು. ಅರಮನೆಯ ಕಣ್ಣು ಬೈಜಾಂಟಿಯಂನ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಕಡೆಗಿತ್ತು. ರಾಜವಸ್ತ್ರ ತೊಟ್ಟು ಸಿಂಹಾಸನದ ಮೇಲೆ ಕೂತ ಮೊದಲ ಗೋಥ್ ರಾಜ ಲಿಯೋವಿಗಿಲ್ಡ್ ಅಂತ ಇಸಿದೋರ್ ಬರೆಯುತ್ತಾರೆ. ಸ್ಪೇನ್‌ನ ಆಗ್ನೇಯ ಕರಾವಳಿಯೇ 552ರಿಂದ ಸುಮಾರು 70 ವರ್ಷ ಬೈಜಾಂಟಿಯಂ ಕೈಲಿತ್ತು. ಹೀಗೆ ಲೈರ್ ಅನ್ನುವ ಗ್ರೀಕ್ ತಂತಿವಾದ್ಯದ ಆಕಾರದ ಚಿಕ್ಕ ಕಂಚಿನ ಬಕಲ್‌ಗಳು ಬಂದವು, ಹರಳಿಲ್ಲದೆ, ಬರೀ ಎರಕದ ಚಿತ್ತಾರ. ಜೊತೆಗೆ ಹೆಣದ ಜೊತೆ ಒಡವೆ ಹೂಳುವ ರೂಢಿಯೂ ಕಮ್ಮಿಯಾಯಿತು. ಚಿನ್ನ ಗೋರಿಯ ಬದಲು ಚರ್ಚಿನ ಕಡೆ ಹರಿಯಿತು, ಕಿರೀಟಗಳು ಹೆಚ್ಚಿದ್ದು ಆ ಕಾಲದಲ್ಲೇ.

‘ವಿಸಿಗೋಥ್ ಚರ್ಚು’ ಅನ್ನೋ ಬೋರ್ಡು ನಂಬಬಹುದಾ?

ಸ್ವಲ್ಪ ನೋಡಿಕೊಂಡು ನಂಬಿ. ಸಾನ್ ಪೆದ್ರೊ ದೆ ಲಾ ನಾವೆ, ಬುರ್ಗೊಸ್‌ನ ಕಿಂತನಿಲ್ಯಾ ದೆ ಲಾಸ್ ವಿನ್ಯಾಸ್ ಇಂಥವನ್ನು ಕೆಲವು ವಿದ್ವಾಂಸರು 7ನೇ ಶತಮಾನದವು ಅಂದರೆ, ಇನ್ನು ಕೆಲವರು 711ರ ನಂತರದವು ಅಂತಾರೆ. ಕಮಾನು ಕಟ್ಟಿದ ರೀತಿ, ಚಿತ್ತಾರದ ಹೋಲಿಕೆ ಇಟ್ಟುಕೊಂಡು ಎರಡೂ ಕಡೆಯವರು ವಾದ ಮಾಡುತ್ತಾರೆ. ಡೇನಿಯಲ್‌ನ ಬೋದಿಗೆಯೂ ಈ ವಾದದೊಳಗೇ ಬರುತ್ತದೆ. ನನಗೆ ಅದರಿಂದ ಆ ಕೆತ್ತನೆಯ ಮೇಲಿನ ಪ್ರೀತಿ ಕಮ್ಮಿಯಾಗಿಲ್ಲ.

711ರ ನಂತರ ಇದೆಲ್ಲ ಏನಾಯ್ತು?

ಕಿರೀಟಗಳನ್ನು ಹೂತಿಟ್ಟರು, ಮತ್ತೆ ತೆಗೆಯಲು ಯಾರೂ ಬರಲಿಲ್ಲ. ಕಲ್ಲಿನ ಕಥೆ ಬೇರೆ. ಮೆರಿಡಾ ಊರಿನಲ್ಲಿ ಅಮೃತಶಿಲೆಯ ಕೆತ್ತನೆಗೆ ದೊಡ್ಡ ವರ್ಕ್‌ಶಾಪ್‌ಗಳಿದ್ದವು. 835ರಲ್ಲಿ ಅಲ್ಲಿ ಕೋಟೆ ಕಟ್ಟಿದ ಮುಸ್ಲಿಂ ಆಡಳಿತಗಾರರು ಒಳಗೊಂದು ನೀರಿನ ತೊಟ್ಟಿ ಮಾಡಿದರು, ನದಿಯ ನೀರು ಅದಕ್ಕೆ ಬಸಿದು ಬರುತ್ತದೆ. ಬಾಗಿಲುಗಳಿಗೆ ಅವರು ಬಳಸಿದ್ದು ವಿಸಿಗೋಥ್ ಕಾಲದ ಅಮೃತಶಿಲೆಯ ಕಂಬಪಟ್ಟಿಗಳನ್ನು. ಇವತ್ತಿಗೂ ಮೆಟ್ಟಿಲಿಳಿದು ನೀರಿನ ತನಕ ಹೋಗಬಹುದು. ಇಳಿಯುವಾಗ ಪಕ್ಕದಲ್ಲಿ ನೋಡಿಕೊಳ್ಳಿ, ಬಳ್ಳಿ ಮತ್ತು ದ್ರಾಕ್ಷಿ ಗೊಂಚಲು ಹಾಗೇ ಇವೆ.